ಅವ್ವನ ಪೆನ್ಶನ್, ನನ್ನ ತಾಸುಗಳು

ಕಿವಿ ಕೆಟ್ಟರೆ ಭೂಮಿಯೇ ತೇಲುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹದಿನೈದು ವರ್ಷ ವಿಮಾನ ಓಡಿಸಿದವಳು ನಾನು. ಒಂದು ಮುಂಜಾನೆ ಹಾಸಿಗೆಯಿಂದ ಎದ್ದರೆ ಗೋಡೆ ಮೆಲ್ಲಗೆ ಬಲಕ್ಕೆ ತಿರುಗಿತು, ಅದರ ಮೇಲಿನ ಕ್ಯಾಲೆಂಡರೂ ಜೊತೆಗೆ ಹೊರಟಿತು. ಒಳಗಿವಿಯ ಸೋಂಕು, ವಾಸಿಯಾಗುವ ತನಕ ಹಾರುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಕಲಬುರಗಿಗೆ ಬಂದೆ. ಕೋಟನೂರ ಕಡೆಯ ನಮ್ಮ ಮನೆಯಲ್ಲಿ ಚೀಲ ಇಳಿಸಿ, ಅವ್ವನಿಗೆ "ರಜಾ ಹಾಕೀನಿ" ಎಂದೆ. ಕಿವಿಯ ವಿಷಯ ಹೇಳಿದೆ, ಹಾರದಿದ್ದರೆ ಪಗಾರ ನಿಲ್ಲುವ ವಿಷಯ ನುಂಗಿಕೊಂಡೆ.

ಪೈಲಟ್ ಪಗಾರ ಅಂದರೆ ಜನ ಬಾಯಿ ಬಿಡುತ್ತಾರೆ. ಬಿಡಲಿ. ಅದು ತಾಸಿನ ಲೆಕ್ಕ ಅನ್ನೋದು ಯಾರಿಗೂ ಬೇಕಿಲ್ಲ. ಗಾಲಿ ಉರುಳಿದಾಗಿನಿಂದ ಮತ್ತೆ ನಿಲ್ಲುವ ತನಕ ಎಷ್ಟು ತಾಸೋ ಅಷ್ಟು ದುಡ್ಡು, ಜೊತೆಗೆ ತಿಂಗಳಿಗೆ ಇಂತಿಷ್ಟು ತಾಸಿನ ಖಾತ್ರಿ. ನನಗೆ ಕಲಿಸಿದ ಹಿರಿಯ ಕ್ಯಾಪ್ಟನ್ ಒಬ್ಬರಿದ್ದರು, ಹಳೆಯ ಸರಕಾರಿ ಕಾಲದವರು. ಅವರಿಗೆ ಮಂಜು ಕವಿದು ನೆಲದಲ್ಲೇ ಕೂತರೂ ತಿಂಗಳ ಪಗಾರ ಬಂದೇ ಬರುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಪೆನ್ಶನ್, ಆಸ್ಪತ್ರೆಯ ಖರ್ಚು, ಗಂಡ ಹೆಂಡತಿಗೆ ವರ್ಷಕ್ಕಿಷ್ಟು ಪುಕ್ಕಟೆ ಸೀಟು. "ನಾವು ನೌಕರಿ ಮಾಡಿದೆವು. ನೀವು ಆಟೋದವರ ಹಾಗೆ ಮೀಟರ್ ಹಾಕಿಕೊಂಡು ಹಾರುತ್ತೀರಿ" ಎಂದು ನಗುತ್ತಿದ್ದರು. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಎಣಿಸುತ್ತಿದ್ದ ನಾನು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಆಮೇಲೆ ಊರೂರೇ ಬಾಗಿಲು ಹಾಕಿದ ಆ ರೋಗದ ವರ್ಷಗಳು ಬಂದವು, ಖಾತ್ರಿಯ ತಾಸುಗಳೇ ಕರಗಿದವು. ಈಗ ಹೊಸ ವಿಮಾನಗಳು ಬಂದು, ಓಡಿಸುವವರು ಸಾಲದೆ, ಪಗಾರ ಮತ್ತೆ ಏರಿದೆ. ಪೆನ್ಶನ್ ಮಾತ್ರ ತಿರುಗಿ ಬರಲಿಲ್ಲ. ನನ್ನ ಉಳಿತಾಯವೋ, ಕಲಿಕೆಯ ಸಾಲಕ್ಕೂ ಆ ಕೆಟ್ಟ ವರ್ಷಗಳಿಗೂ ಹೋಗಿತ್ತು.

ನನಗೆ ನೌಕರಿ ಸಿಕ್ಕ ದಿನ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಪೆನ್ಶನ್ ಅದ ಏನು?" ಅವಳು ಕಮಲಾಪುರದ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ಆಗಷ್ಟೇ ನಿವೃತ್ತಿಯಾಗಿದ್ದಳು. "ನಿನ್ನ ಒಂದು ವರ್ಷದ ಪೆನ್ಶನ್ ನಂದು ಒಂದು ತಿಂಗಳದ ಪಗಾರ, ಅವ್ವ" ಎಂದು ನಕ್ಕಿದ್ದೆ. ಎಂಥ ಸೊಕ್ಕು ನೋಡಿ.

ಮನೆಯ ದಿನಗಳು ನಿದ್ದೆ ಎಚ್ಚರದ ನಡುವೆ ಎಲ್ಲೋ ಕಳೆದವು. ಮಾಳಿಗೆಯ ನೆರಳಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ. ಮೇಲೆ, ಬಹಳ ಮೇಲೆ, ಬಿಳಿ ಗೆರೆ ಎಳೆಯುತ್ತ ಯಾರದೋ ವಿಮಾನ ದಾಟುತ್ತಿತ್ತು. ಕೆಳಗೆ ಎದೆಯ ಮೇಲಿದ್ದ ನನ್ನ ಕೈ ತಾನಾಗಿಯೇ, ವಿಮಾನ ತಿರುಗಿಸುವಂತೆ, ಸ್ವಲ್ಪ ವಾಲುತ್ತಿತ್ತು. ಕಣ್ಣು ಮುಚ್ಚಿದರೆ ಮಾಳಿಗೆಯೇ ಮೋಡದೊಳಗೆ ಹೊಕ್ಕಂತೆ. ಅವ್ವ ಬಂದು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಇಟ್ಟು, ಏನೂ ಕೇಳದೆ ಇಳಿದುಹೋಗುತ್ತಿದ್ದಳು. ಕಾಯಿಲೆ ರಜೆ ಉಳಿದಿರುವ ತನಕ ಪೂರ್ತಿ ಪಗಾರ ಬಂತು, ಆಮೇಲೆ ಅರ್ಧ, ಆಮೇಲೆ ಏನೂ ಇಲ್ಲ.

ನವೆಂಬರ್‌ನಲ್ಲಿ ಅವ್ವ ಕಮಲಾಪುರದ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆಂದು ತೋರಿಸಬೇಕು. ತೋರಿಸದಿದ್ದರೆ ಪೆನ್ಶನ್ ನಿಲ್ಲುತ್ತದೆ. ಇಬ್ಬರೂ ಬಸ್ಸು ಹತ್ತಿದೆವು. ಎರಡೂ ಬದಿಗೆ ತೊಗರಿ ಹಳದಿಯಾಗಿ ಹೂತಿತ್ತು. ಕಿಟಕಿಗೆ ತಲೆಯಿಟ್ಟರೆ ಹೊಲಗಳೇ ತೇಲಿಹೋಗುತ್ತಿದ್ದವು. ಕರಿ ಮಣ್ಣು ಯಾವಾಗ ಕೆಂಪಾಯಿತೋ ತಿಳಿಯಲಿಲ್ಲ, ಕಮಲಾಪುರ ಬಂತು.

ಕೌಂಟರಿನಲ್ಲಿದ್ದವನು ಅವ್ವನ ಹಳೆಯ ವಿದ್ಯಾರ್ಥಿ. "ಅಕ್ಕೋರೆ, ಹೆಬ್ಬೆಟ್ಟು ಹತ್ತವಲ್ದು ನೋಡ್ರಿ. ಗೆರಿ ಎಲ್ಲಾ ಸವೆದಾವ" ಎಂದ. ಅವ್ವ ಸೆರಗಿನಿಂದ ಒರೆಸಿ ಒರೆಸಿ ಹತ್ತೂ ಬೆರಳು ಯಂತ್ರಕ್ಕೆ ಒತ್ತಿದಳು. ತುಟಿ ಒಣಗಿತ್ತು. ನನಗೆ ಸಿಟ್ಟು ಬಂತು.

"ಇಷ್ಟ್ಯಾಕ ಗಾಬರಿ ಆಗ್ತಿ? ನಾ ಇದ್ದೀನಲ್ಲ."

"ನೀ ಇದ್ದಿ ಅಂತೇಳೇ ಗಾಬರಿ" ಎಂದಳು.

ಅಷ್ಟರಲ್ಲಿ ಆತ, "ಮಾರಿ ತೋರಿಸಿದ್ರೂ ನಡೀತದ್ರಿ. ಹೊರಗ ಬೆಳಕಿನ್ಯಾಗ ಫೋನ್ ಹಿಡೀರಿ. ಅಕ್ಕೋರು ಒಮ್ಮೆ ಕಣ್ಣು ಮುಚ್ಚಿ ತೆರೀಬೇಕು, ಜೀವಂತ ಇದ್ದಾರಂತ ಅದಕ್ಕ ತಿಳೀಬೇಕು" ಎಂದು ನನ್ನ ಫೋನಿನಲ್ಲಿ ಎಲ್ಲ ತೆರೆದುಕೊಟ್ಟ.

ಬ್ಯಾಂಕಿನ ಕಟ್ಟೆಯ ಮೇಲೆ, ಬೇವಿನ ಮರದ ಹತ್ತಿರ ಅವ್ವನನ್ನು ಕೂಡಿಸಿದೆ. ಫೋನಿನ ಗುಂಡಗಿನ ಚೌಕಟ್ಟಿನಲ್ಲಿ ಅವಳ ಮುಖ. ಅವ್ವ ಕಣ್ಣು ಮುಚ್ಚಲೊಲ್ಲಳು. ಕಣ್ಣು ಮುಚ್ಚಿದರೆ ಫೋಟೋ ಕೆಡುತ್ತದೆ ಎಂದು ಜೀವಮಾನವಿಡೀ ನಂಬಿದವಳು, ತರಗತಿಯ ಮುಂದೆ ನಿಂತಂತೆ ಕಣ್ಣರಳಿಸಿ ಕೂತಳು. ಮೂರು ಸಲ ಆಗಲಿಲ್ಲ. ಅವಳ ಆ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ನಾಲ್ಕನೆಯ ಸಲಕ್ಕೆ ನನ್ನ ಬಾಯಿಂದ ತಾನಾಗಿಯೇ ಬಂತು: "ಅವ್ವ, ನಂದು ಪಗಾರ ನಿಂತು ಮೂರು ತಿಂಗಳಾತು."

ಅವ್ವ ಮುಖ ಕದಲಿಸಲಿಲ್ಲ. ಯಾವಾಗಲೂ ಹೂಂ ಅನ್ನುವಂತೆ, ನಿಧಾನವಾಗಿ ಕಣ್ಣು ಮುಚ್ಚಿ ತೆರೆದಳು. ಫೋನಿನಲ್ಲಿ ಹಸಿರು ಗುರುತು ಬಂತು.

"ಗೊತ್ತದ" ಎಂದಳು. "ತಿಂಗಳ ಕೊನಿಗೆ ನಿನ್ನ ಫೋನ್ ಟಿಂಗ್ ಅಂತಿತ್ತು. ಈಗ ಅನ್ನವಲ್ದು. ಇರಲಿ, ಕಿವಿ ನಿಧಾನ ಆರಾಮ ಆಗ್ಲಿ. ನಂದು ಇಬ್ಬರಿಗೆ ಆಗ್ತದ."

ಬಸ್ ಸ್ಟ್ಯಾಂಡಿನ ಹತ್ತಿರ ಕೆಂಪು ಬಾಳೆಹಣ್ಣು ಮಾರಲು ಕೂತಿದ್ದರು. ಪ್ರತಿ ವರ್ಷ ರಜೆಗೆ ಬಂದಾಗ ನಾನೇ ಗೊನೆಯಿಂದ ಇಡೀ ಹಣಿಗೆ ಕೊಳ್ಳುತ್ತಿದ್ದೆ, ಬೆಲೆ ಕೇಳದೆ. ರೂಢಿಯಂತೆ ಚೀಲಕ್ಕೆ ಕೈ ಹಾಕಿದೆ. ಅವ್ವ ನನ್ನ ಕೈ ಹಿಡಿದು ಕೆಳಗಿಳಿಸಿ, ತನ್ನ ಸಣ್ಣ ಪರ್ಸ್ ತೆಗೆದಳು. ಬೆಲೆ ಕೇಳಿದಳು, ಒಳಗಿನ ನೋಟು ಎಣಿಸಿದಳು.

"ಅರ್ಧ ಡಜನ್ ಕೊಡಪ್ಪ" ಎಂದಳು.

ಬಸ್ಸಿನಲ್ಲಿ ಮೊದಲನೆಯದನ್ನು ಸುಲಿದು ನನ್ನ ಕೈಗೆ ಕೊಟ್ಟಳು. ನಾನು ಕಿಟಕಿಯ ಕಡೆ ತಿರುಗಿ, ಅಳುತ್ತ, ಪೂರ್ತಿ ತಿಂದೆ.