ಹಬೆ ಕಾಣದ ತೆಂಗಿನ ತುರಿ

ಬಾನ್ಯುಮಾಸ್ ಊರಿನ ಸಂತೆಯಲ್ಲಿ ಮೂವತ್ತು ವರ್ಷದಿಂದ ಕಡುಬು ಮಾರುವ ವಾರ್ಸಿತಿ, ತೆಂಗಿನ ತುರಿಯನ್ನು ಚಿಟಿಕೆ ಉಪ್ಪು ಹಾಕಿ ಹಬೆಯಲ್ಲಿ ಬೇಯಿಸದೆ ಯಾರ ಬಾಯಿಗೂ ಇಟ್ಟವಳಲ್ಲ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಎಣ್ಣೆ ತೆಗೆದ ತೆಂಗಿನ ಹಿಂಡಿಯನ್ನು ಹುದುಗಿಸಿ ಮಾಡಿದ ಬೊಂಕ್ರೆಕ್ ತಿಂದು, ಅದು ವಿಷವಾಗಿ, ತಾಯಿ ಮತ್ತು ಇಬ್ಬರು ಅಣ್ಣಂದಿರು ಒಂದೇ ದಿನ ತೀರಿಕೊಂಡರು. ಮುನಿಸಿಕೊಂಡು ಊಟ ಬಿಟ್ಟಿದ್ದ ವಾರ್ಸಿತಿ ಉಳಿದಳು. ಹಿಂಡಿಯೇ ಬೇರೆ, ತುರಿಯೇ ಬೇರೆ ಎಂದು ಆರೋಗ್ಯ ಕೇಂದ್ರದ ದಾದಿ ಎಷ್ಟೋ ಸಲ ಹೇಳಿದ್ದಾಳೆ. ವಾರ್ಸಿತಿ ತಲೆಯಾಡಿಸುತ್ತಾಳೆ, ಒಲೆಯ ಮೇಲಿನ ಹಬೆಪಾತ್ರೆ ಮಾತ್ರ ಇಳಿಯುವುದಿಲ್ಲ.

ರಂಜಾನಿನ ಕೊನೆಯ ವಾರ, ಸಂಜೆ ಐದಕ್ಕೆ ಅವಳು ಮನೆಗೆ ಬಂದಾಗ ಸೊಸೆ ರೆತ್ನೊ ಪಾತ್ರೆ ತೊಳೆಯುತ್ತಿದ್ದಳು.

"ಒಲೆ ಹಚ್ಚದೇನೇ ಸಿಹಿ ಮಾಡ್ಬಿಟ್ಟೆ ಅತ್ತೆ! ಬಿಸ್ಕತ್ತು ಪುಡಿ, ಕೋಕೋ, ಡಬ್ಬಿ ಹಾಲು ಕಲಸಿ ಉಂಡೆ ಕಟ್ಟಿ, ಕಾಯಿತುರೀಲಿ ಹೊರಳಿಸಿದ್ದು. ನಾಲ್ಕು ಮನೆಗೂ ಹಂಚಿ ಬಂದೆ."

"ತುರಿ ಯಾವತ್ತಿಂದು?"

"ನಿನ್ನೇದು."

"ಬೇಯಿಸಿದ್ಯಾ?"

"ಬೇಯಿಸಿದ್ರೆ ಒಲೆ ಹಚ್ಚದ ಸಿಹಿ ಹೆಂಗಾಗುತ್ತೆ?" ರೆತ್ನೊ ನಕ್ಕಳು. ಅತ್ತೆಯ ಮುಖ ನೋಡಿ ನಗು ನಿಂತಿತು.

ಉಪವಾಸ ಬಿಡುವ ನಗಾರಿಗೆ ಇನ್ನು ಮುಕ್ಕಾಲು ಗಂಟೆ. ವಾರ್ಸಿತಿ ಬರಿಗಾಲಲ್ಲೇ ಓಡಿದಳು. ಮೂರು ಮನೆಗಳಲ್ಲಿ ತಟ್ಟೆಗಳು ಮುಚ್ಚಿದಂತೆಯೇ ಇದ್ದವು. "ಕೊಟ್ಟಿದ್ದನ್ನ ಕಿತ್ಕೊಂಡು ಹೋಗೋ ಜಿಪುಣೀನ ಇವತ್ತೇ ಕಂಡಿದ್ದು," ಎಂದು ಒಬ್ಬಳು ಹಂಗಿಸಿದಳು. ವಾರ್ಸಿತಿ ಉಂಡೆಗಳನ್ನು ಚೀಲಕ್ಕೆ ಸುರಿದುಕೊಂಡಳು.

ನಾಲ್ಕನೆಯ ಮನೆಯ ತಟ್ಟೆಯಲ್ಲಿ ಎರಡು ಕಡಿಮೆಯಿದ್ದವು.

"ನಮ್ಮ ಲಾರಾಸ್ ಮಧ್ಯಾಹ್ನವೇ ನುಂಗಿದ್ಲು," ಎಂದಳು ಮನೆಯೊಡತಿ ಸುಮಿಯಾತಿ. "ಐದು ವರ್ಷದ ಮಗಳಿಗೆ ಎಲ್ಲಿಯ ಉಪವಾಸ!"

ವಾರ್ಸಿತಿ ಜಗುಲಿಯ ಮೇಲೆ ಕುಳಿತಳು. "ಬಾ ಪುಟ್ಟಿ. ಬಾವಿ ತನಕ ನಡೆದು ಬಾ ನೋಡೋಣ."

ಮಗು ನಡೆಯಿತು. ಮತ್ತೆ ನಡೆಸಿದಳು. ಮತ್ತೆ. ಬೊಂಕ್ರೆಕ್ ತಿಂದ ದಿನ ಅಣ್ಣನೊಬ್ಬ ಮೊದಲು ಹೇಳಿದ್ದು, ಕಾಲಲ್ಲಿ ಬಲವಿಲ್ಲ ಎಂದೇ.

ಐದನೆಯ ಸಲ ಲಾರಾಸ್ ಅಂಗಳದ ನಡುವೆಯೇ ಕುಳಿತುಬಿಟ್ಟಳು. "ಕಾಲು ನೋಯುತ್ತೆ, ಹೋಗಜ್ಜಿ."

ವಾರ್ಸಿತಿ ಜಗುಲಿಯಿಂದ ಎದ್ದು ನಿಂತಳು.

"ಗಾಣದೆತ್ತಿನ ಹಂಗೆ ಸುತ್ತಿಸಿದ್ರೆ ನೋಯ್ದೆ ಇನ್ನೇನು?" ಸುಮಿಯಾತಿ ನಕ್ಕಳು. ನಗಾರಿ ಕೇಳುತ್ತಲೇ ನೀರಿನ ಲೋಟ ತಂದುಕೊಟ್ಟಳು. "ಕುಡೀರಿ. ಬೆಳಗ್ಗೆಯಿಂದ ಹನಿ ನೀರಿಲ್ಲ."

ವಾರ್ಸಿತಿ ಲೋಟ ಕೆಳಗಿಟ್ಟಳು. "ಇದೊಂದೇ ಸಲ, ಪುಟ್ಟಿ. ಎದ್ದು ನನ್ನ ಹತ್ರ ಬಾ."

ಲಾರಾಸ್ ಮುಖ ಊದಿಸಿಕೊಂಡು ಎದ್ದಳು, ಬಂದಳು, ಇನ್ನೊಂದು ಉಂಡೆಗಾಗಿ ನೇರ ಚೀಲಕ್ಕೇ ಕೈ ಹಾಕಿದಳು. ವಾರ್ಸಿತಿ ಆ ಮಣಿಕಟ್ಟನ್ನು ಹಿಡಿದಳು. ರಾತ್ರಿಯ ನಮಾಜಿನ ಕರೆ ಬಂದಾಗಲೂ ಬಿಟ್ಟಿರಲಿಲ್ಲ.