ನಾನು ಕೊಟ್ಟ ಕಾದಂಬರಿ

ನಾನು ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ದಿಬ್ಬೂರಹಳ್ಳಿಯಿಂದಾಚೆಯ ಒಂದು ಊರಿನ ದಲಿತರ ಕಾಲೋನಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ದ್ವಿತೀಯ ಪಿಯುಸಿಯಲ್ಲಿದ್ದಳು. ಏನು ಕೊಟ್ಟರೂ ಓದುವವಳು. ಅವಳಿಗೆ ನನ್ನ ಬಳಿಯಿದ್ದ ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟೆ. ಆಫ್ರಿಕಾದ ಪುರಾಣಗಳಿಂದ ಕಟ್ಟಿದ ಕಥೆ. ನದಿ ದೇವತೆಯ ಮಕ್ಕಳಾದ ಒಂದು ಕುಲದವರು ತಮ್ಮದೇ ನದಿಯನ್ನು ಮುಟ್ಟದಂತೆ ಅರಸ ಕಾವಲು ಹಾಕಿರುತ್ತಾನೆ. ಹದಿನಾರರ ಹುಡುಗಿಯೊಬ್ಬಳು ಕಾವಲು ದಾಟಿ ನೀರಿಗಿಳಿಯುತ್ತಾಳೆ. ನದಿ ಅವಳ ಪರವಾಗಿ ಎದ್ದು ನಿಲ್ಲುತ್ತದೆ.

ಇವಳು ಮೊಬೈಲಿನಲ್ಲಿ ಅರ್ಥ ನೋಡಿಕೊಂಡು ಓದುತ್ತ, ಸಂಜೆ ಅಜ್ಜಿಗೆ ತೆಲುಗಿನಲ್ಲಿ ಕಥೆ ಹೇಳುತ್ತಿದ್ದಳು. ನೀರಿಗಿಳಿದವಳ ಮನೆಯವರನ್ನು ಏನು ಮಾಡಿದರು ಎಂದು ಅಜ್ಜಿ ಕೇಳಿದಳಂತೆ. ಅದನ್ನು ಹೇಳಿ ಹುಡುಗಿ ನಕ್ಕಳು. ನಾನೂ ನಕ್ಕೆ.

ಅವರ ಊರಿನ ಟೀ ಅಂಗಡಿಯಲ್ಲಿ ಕಾಲೋನಿಯವರಿಗೆ ಪ್ಲಾಸ್ಟಿಕ್ ಲೋಟ, ಉಳಿದವರಿಗೆ ಸ್ಟೀಲಿನದು. ಒಂದು ಬೆಳಿಗ್ಗೆ ಇವಳು ಸ್ಟೀಲ್ ಲೋಟ ತೆಗೆದುಕೊಂಡು ಎಲ್ಲರೆದುರು ಟೀ ಕುಡಿದಳು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ದಿನ ಅವಳ ಅಪ್ಪನಿಗೆ ರೇಷ್ಮೆ ಹುಳು ಮನೆಯಲ್ಲಿ ಕೆಲಸವಿಲ್ಲವೆಂದರು. ಅಮ್ಮನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ವಾರದ ಹೊತ್ತಿಗೆ ಅಪ್ಪ ಊರಿನ ಹಿರಿಯರ ಮುಂದೆ ಕೈಮುಗಿದು ತಪ್ಪಾಯಿತೆಂದ. ಹುಡುಗಿಯ ಕಾಲೇಜು ನಿಂತಿತು.

ನಾನು ಅವರ ಮನೆಗೆ ಹೋಗಿ, ಪೊಲೀಸರಿಗೆ ದೂರು ಕೊಡೋಣವೆಂದೆ. ಅವಳ ಅಪ್ಪ ತಲೆಯೆತ್ತಲಿಲ್ಲ.

"ನೀವು ಬಸ್ ಹತ್ತಿ ಹೊಂಟೋಗ್ತೀರಮ್ಮ. ನಾವು ಇಲ್ಲೇ ಬಾಳ್ಬೇಕು."

ನಾನೂ ನಿಮ್ಮವಳೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಾಡಿಗೆಗೆ ಮನೆ ಕೇಳಿದಾಗ ಬೇರೆ ಜಾತಿಯ ಹೆಸರು ಹೇಳಿ ಆರು ವರ್ಷದಿಂದ ಆ ಮನೆಯಲ್ಲಿದ್ದೇನೆ. ಅಂಥವಳು ಅವರಿಗೆ ಯಾವ ಧೈರ್ಯ ಕೊಡಲಿ?

ಹುಡುಗಿ ಬಸ್ ಸ್ಟಾಪಿನವರೆಗೂ ಬಂದಳು.

"ಮಿಸ್, ನಾನು ಮಾಡಿದ್ದು ತಪ್ಪಾ?"

"ಇಲ್ಲ ಕಣಮ್ಮ."

"ಮತ್ತೆ ಅಪ್ಪ ಯಾಕೆ ಕೈ ಮುಗಿದ್ರು?"

ಬಸ್ಸು ಬಂತು. ಹತ್ತಿದೆ.

ಹದಿನೆಂಟು ತುಂಬಿದ ತಿಂಗಳಲ್ಲೇ ಅವಳ ಮದುವೆಯಾಯಿತು. ನಾನು ಹೋಗಲಿಲ್ಲ. ಈಗ ಚಿಂತಾಮಣಿಯ ಮಂಡಿಯಲ್ಲಿ ಟೊಮೇಟೊ ಆರಿಸುವ ಕೆಲಸ ಮಾಡುತ್ತಾಳೆಂದು ಅವಳ ಗೆಳತಿಯಿಂದ ತಿಳಿಯಿತು. ನಾನು ತರಗತಿಯಲ್ಲಿ ಪಠ್ಯದಲ್ಲಿರುವುದನ್ನಷ್ಟೇ ಓದಿಸುತ್ತೇನೆ. ಬೇರೆ ಪುಸ್ತಕ ಇದೆಯಾ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುತ್ತೇನೆ.