ಬಲಹಿಂದಿನ ಚಕ್ರದ ಭಾವ

ನನ್ನ ಭಾವನನ್ನು ನಮ್ಮ ರೇಸ್ ತಂಡದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ‘ಬಲಹಿಂದೆ’. ಓಟದ ನಡುವೆ ಕಾರು ಟ್ರ್ಯಾಕಿನಿಂದ ನಮ್ಮ ಶೆಡ್ಡಿನ ಬಳಿಗೆ ಬಂದಾಗ ಬಲಗಡೆಯ ಹಿಂದಿನ ಚಕ್ರದ ನಟ್ಟು ಬಿಚ್ಚಿ, ಹೊಸ ಚಕ್ರ ಕೂತೊಡನೆ ಬಿಗಿಯುವುದು ಅವರ ಕೆಲಸ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ಮನೆಯ ನಲ್ಲಿಗೆ ವಾಷರ್ ಹಾಕಲು ಮಾತ್ರ ಅವರಿಗೆ ತಿಂಗಳು ಬೇಕು ಎಂದು ಅಕ್ಕ ರೇಗುತ್ತಾಳೆ. ನಾನು ಅದೇ ತಂಡದ ಲಾರಿ ಓಡಿಸುತ್ತೇನೆ.

ವರ್ಷಗಟ್ಟಲೆ ನಮ್ಮದು ಆಟಕ್ಕುಂಟು ಲೆಕ್ಕಕ್ಕಿಲ್ಲದ ತಂಡ. ಆಮೇಲೆ ತಂಡ ನಡೆಸಲು ಹೊಸ ಮೇಡಂ ಬಂದರು. ವರ್ಕ್‌ಶಾಪಿನ ಗೋಡೆ ಒಡೆಸಿದರು, ಹಳೇ ಯಂತ್ರಗಳನ್ನು ಗುಜರಿಗೆ ಹಾಕಿದರು, ಕಾರನ್ನು ಬುಡದಿಂದ ಕಟ್ಟಿಸಿದರು. ಈ ವರ್ಷ ಕಡೆಯಿಂದ ನಡುವಿಗೆ ಬಂದೆವು. ಅಷ್ಟಕ್ಕೆ ನಿಲ್ಲದೆ ಸನ್ನೆಯನ್ನೂ ಬದಲಿಸಿದರು. ಮೊದಲೆಲ್ಲ ಚಕ್ರ ಬಿಗಿಯಾದರೆ ಕೈ ಎತ್ತಬೇಕಿತ್ತು. ಈಗ ನಟ್ಟು ಬಿಗಿಯುವ ಗನ್ನಿನ ಮೇಲಿನ ಗುಂಡಿ ಒತ್ತಬೇಕು. ಕೈ ಎತ್ತಿದರೆ ‘ನಿಲ್ಲಿಸಿ, ಚಕ್ರ ಸರಿಯಿಲ್ಲ’ ಎಂದರ್ಥ. ತಪ್ಪು ಸನ್ನೆ ಮಾಡಿದವರು ಮನೆಗೆ ಹೋಗಬಹುದು ಎಂದೂ ಹೇಳಿದ್ದರು.

ಕಳೆದ ಓಟದಲ್ಲಿ ನಾವು ಮೂರನೆಯ ಸ್ಥಾನದಲ್ಲಿದ್ದೆವು. ಮೂರನೆಯದು! ಪರದೆ ತಪ್ಪು ತೋರಿಸುತ್ತಿದೆಯೆಂದೇ ಅಂದುಕೊಂಡೆ. ಚಕ್ರ ಬದಲಿಸಲು ಕಾರು ಒಳಗೆ ಬಂತು. ಭಾವ ಬಿಗಿದರು. ಬಿಗಿದವರೇ ಕೈ ಎತ್ತಿದರು!

ಕಾರನ್ನು ತಡೆದು, ಅದೇ ನಟ್ಟು ಬಿಚ್ಚಿ ಬೇರೆ ಹಾಕುವಷ್ಟರಲ್ಲಿ ಹಿಂದಿದ್ದವರೆಲ್ಲ ಭರ್ರೆಂದು ದಾಟಿಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಓಟ ಮುಗಿದೊಡನೆ ಚಾಲಕ ಓಡಿಬಂದ. ಎರಡು ಬಿಟ್ಟೇ ಬಿಡುತ್ತಾನೆ ಅಂದುಕೊಂಡರೆ, ಭಾವನನ್ನು ತಬ್ಬಿಕೊಂಡ.

“ಆ ಚಕ್ರ ಕಳಚ್ಕೊಂಡಿದ್ರೆ ನಾನಿವತ್ತು ಇರ್ತಿರ್ಲಿಲ್ಲ ಅಣ್ಣ!”

ಟಿವಿಯವರು ಮುತ್ತಿಕೊಂಡರು. ಭಾವ ಬೆಪ್ಪಾಗಿ ನಿಂತಿದ್ದರು. ಆ ಮುಖ ನೋಡಿದ್ದೇ ನನಗೆ ಎಲ್ಲ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದರು, ಅಷ್ಟೇ.

ಟಿವಿಯವರು ಹೋದ ಮೇಲೆ ಮೇಡಂ, ನಟ್ಟುಗಳನ್ನು ಪರೀಕ್ಷಿಸಿ ಕೊಡುವ ಹೆಂಗಸಿನತ್ತ ತಿರುಗಿದರು. “ಕೆಟ್ಟ ನಟ್ಟು ಕೊಟ್ಟಿದ್ದೀರ. ನಾಳೆಯಿಂದ ಬರ್ಬೇಡಿ.”

ಆಕೆ ಬಿಳಿಚಿಕೊಂಡಳು. ನಾನು ಭಾವನ ಅಂಗಿ ಜಗ್ಗಿದೆ. ಕೇಳಿದರೆ ತಾನೇ!

“ನಟ್ಟು ಚೆನ್ನಾಗೇ ಇತ್ತು ಮೇಡಂ,” ಎಂದರು. “ಹಳೇ ಅಭ್ಯಾಸ. ಕೈ ತಾನಾಗೇ ಎದ್ಬಿಡ್ತು.”

ಭಾವನ ಹೆಗಲ ಮೇಲಿದ್ದ ತನ್ನ ಕೈಯನ್ನು ಚಾಲಕ ಹಿಂದಕ್ಕೆಳೆದುಕೊಂಡ. ಮೇಡಂ ಭಾವನತ್ತ ತಿರುಗಿದರು.

“ಹಾಗಾದ್ರೆ ನಾಳೆಯಿಂದ ನೀವು ಬರ್ಬೇಡಿ.”

ಇಷ್ಟು ವರ್ಷದ ದುಡಿಮೆಗೆ ಒಂದೇ ಮಾತು! ನನಗೆ ಸಿಟ್ಟು ಯಾರ ಮೇಲೆ ಬಂತೆಂದು ಈಗಲೂ ಗೊತ್ತಿಲ್ಲ. ಲಾರಿ ಹತ್ತುವಾಗ ಭಾವನಿಗೆ ಅಕ್ಕನ ಫೋನ್ ಬಂತು. ಅವಳ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

“ಟಿವೀಲಿ ನೋಡ್ದೆ ಕಣ್ರೀ! ಒಂದು ಜೀವ ಉಳ್ಸಿದ್ರಂತೆ!”

“ಇಲ್ಲ ಕಣೇ. ಚಕ್ರ ಸರಿಯಾಗೇ ಇತ್ತು.”

ಅಕ್ಕ ದನಿ ತಗ್ಗಿಸಿ ಕೇಳಿದ್ದು, ಫೋನಿನ ಹತ್ತಿರ ಕಿವಿ ತಂದಿದ್ದ ನನಗೂ ಕೇಳಿಸಿತು: “ಅಯ್ಯೋ! ಅದನ್ನ ಯಾರ ಹತ್ರಾನೂ ಹೇಳಿಲ್ಲ ತಾನೇ?”

“ಮೇಡಂಗೇ ಹೇಳ್ಬಿಟ್ಟೆ,” ಎಂದರು ಭಾವ.